ಆಕ್ಲೆಂಡ್‌ನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಲೈಸೆನ್ಸ್ ಬೇಕಾ?

ಪ್ರಶ್ನೆ: ನಾವಿರುವುದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. ಊರಲ್ಲಿ ಮಾಂಟೆಸರಿ ಟೀಚರ್ ಆಗಿದ್ದೆ. ಪರಿಚಯದವರ ಐದಾರು ಪುಟ್ಟ ಮಕ್ಕಳನ್ನು ಮನೆಯಲ್ಲೇ ನೋಡಿಕೊಂಡು, ಒಂದಿಷ್ಟು ಕನ್ನಡ ಕಲಿಸುವ ಆಸೆ. ಇದಕ್ಕೂ ಲೈಸೆನ್ಸ್ ಬೇಕಾ?

ಉತ್ತರ: ಬೇಕು. ಅಲ್ಲಿನ 2020ರ ಶಿಕ್ಷಣ ಮತ್ತು ತರಬೇತಿ ಕಾಯ್ದೆ ಪ್ರಕಾರ, ಆರು ವರ್ಷದೊಳಗಿನ ಮೂರು ಅಥವಾ ಹೆಚ್ಚು ಬೇರೆಯವರ ಮಕ್ಕಳನ್ನು ಒಂದೇ ಜಾಗದಲ್ಲಿ ನಿಯಮಿತವಾಗಿ ನೋಡಿಕೊಂಡರೆ ಅದು ಶಿಶು ಶಿಕ್ಷಣ ಕೇಂದ್ರ. ದುಡ್ಡು ಪಡೆದು ನೋಡಿಕೊಳ್ಳುವುದಾದರೆ ಸ್ನೇಹಿತರ ಮಕ್ಕಳು ಅಂತ ರಿಯಾಯಿತಿ ಇಲ್ಲ.

ಕೇಂದ್ರ ತೆರೆಯುವುದಾದರೆ ಮೊದಲು ಟೇಪ್ ಹಿಡಿಯಿರಿ. ಒಳಗೆ ಮಗುವಿಗೆ 2.5 ಚದರ ಮೀಟರ್, ಹೊರಗೆ 5 ಚದರ ಮೀಟರ್ ಆಟದ ಜಾಗ ಬೇಕು. 30 ಚದರ ಮೀಟರ್ ಹಾಲ್ ಇದ್ದರೆ 12 ಮಕ್ಕಳು ಅಂದುಕೊಳ್ಳುತ್ತೀರಿ, ಅಲ್ವಾ? ಓಡಾಡುವ ದಾರಿ, ಟಾಯ್ಲೆಟ್, ಆಡಲು ಸಿಗದ ಮೂಲೆ ಎಲ್ಲ ಕಳೆಯಬೇಕು. ಅದರಲ್ಲಿ ಐದು ಚದರ ಮೀಟರ್ ಹೋದರೆ ಉಳಿಯುವುದು ಹತ್ತೇ ಮಕ್ಕಳು. ಎರಡು ವರ್ಷದೊಳಗಿನ ಐದು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು. ಸಂಬಳದ ಖರ್ಚು ಜಾಸ್ತಿಯಾಗುವುದು ಇಲ್ಲೇ. ಮಕ್ಕಳ ಕೈಗೆ ಸಿಗುವ ನಲ್ಲಿಯ ಬಿಸಿನೀರು 40 ಡಿಗ್ರಿ ದಾಟಬಾರದು. ಕೋಣೆ 18 ಡಿಗ್ರಿಗಿಂತ ತಣ್ಣಗಿರಬಾರದು. ಅದನ್ನು ಅಳೆಯುವುದು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ, ಅಂದರೆ ಮಗು ಇರುವ ಎತ್ತರದಲ್ಲಿ. ಈ ನಿಯಮ ಬರೆದವರು ಯಾರೋ ಮಕ್ಕಳ ಜೊತೆ ನೆಲದಲ್ಲಿ ಕೂತಿದ್ದವರೇ ಇರಬೇಕು.

ಎಲ್ಲ ಸರಿಯಿದ್ದರೂ ಮೊದಲು ಸಿಗುವುದು ಪ್ರೊಬೇಷನರಿ, ಅಂದರೆ ತಾತ್ಕಾಲಿಕ ಲೈಸೆನ್ಸ್, ಹೆಚ್ಚೆಂದರೆ 12 ತಿಂಗಳಿಗೆ. ಪೂರ್ಣ ಲೈಸೆನ್ಸ್ ಆಮೇಲೆ. 2023ರಲ್ಲಿ ಬಂದಿದ್ದ 'ನೆಟ್‌ವರ್ಕ್ ಅಪ್ರೂವಲ್' ಅನ್ನುವ ಮುಂಗಡ ಅನುಮತಿ ಈಗಿಲ್ಲ. ಹಳೆಯ ಮಾಹಿತಿ ಓದಿ ಗಾಬರಿಯಾಗಬೇಡಿ. ನಿಮ್ಮ ಮಾಂಟೆಸರಿ ಡಿಪ್ಲೊಮಾ ಮಾತ್ರ ತಾನಾಗಿಯೇ ಲೆಕ್ಕಕ್ಕೆ ಬರುವುದಿಲ್ಲ. ಅದರ ಮೌಲ್ಯಮಾಪನ ಮಾಡಿಸಿಕೊಳ್ಳಿ. ಕೇಂದ್ರದ ಹೊಣೆ ಹೊರುವವರು ಅಲ್ಲಿ ನೋಂದಾಯಿತ ಟೀಚರ್ ಆಗಿರಬೇಕು.

ಇಷ್ಟೆಲ್ಲ ಯಾಕೆ ಅನ್ನಿಸಿದರೆ, ಲೈಸೆನ್ಸ್ ಇರುವ ಹೋಮ್-ಬೇಸ್ಡ್ ಸಂಸ್ಥೆಯೊಂದರ ಅಡಿಯಲ್ಲಿ ಎಜುಕೇಟರ್ ಆಗಬಹುದು, ಅಂದರೆ ಆ ಸಂಸ್ಥೆಯ ಪರವಾಗಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳಬಹುದು. ನಿಮಗೆ ನಾನು ಹೇಳುವುದು ಇದನ್ನೇ. ಲೈಸೆನ್ಸ್ ಹೊಣೆ ಸಂಸ್ಥೆಯದು. ಒಂದು ಸಲಕ್ಕೆ ನಾಲ್ಕೇ ಮಕ್ಕಳು, ಹಾಗಾಗಿ ಐದಾರು ಅನ್ನುವುದನ್ನು ಬಿಡಬೇಕು. ಸಂಸ್ಥೆಯ ಕೋಆರ್ಡಿನೇಟರ್ ಆಗಾಗ ಮನೆಗೆ ಬಂದು ನೋಡುತ್ತಾರೆ. ಮನೆಯಲ್ಲಿ ವಾಸವಿರುವ ದೊಡ್ಡವರಿಗೂ ಪೊಲೀಸ್ ತಪಾಸಣೆ ಆಗಬೇಕು. ಊರಿಂದ ಅತ್ತೆ-ಮಾವ ಬಂದು ಆರು ತಿಂಗಳು ಇರುವುದಾದರೆ ಮೊದಲೇ ಹೇಳಿಬಿಡಿ.

ಕನ್ನಡವೇ ಮುಖ್ಯ, ದುಡಿಮೆ ಆಮೇಲೆ ಅನ್ನುವುದಾದರೆ ಪ್ಲೇಗ್ರೂಪ್ ಮಾಡಿ. ಇದಕ್ಕೆ ಲೈಸೆನ್ಸ್ ಬೇಡ. ಆದರೆ ಯಾವ ಮಗುವೂ ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಇರುವಂತಿಲ್ಲ, ಅರ್ಧಕ್ಕಿಂತ ಹೆಚ್ಚು ಮಕ್ಕಳ ಅಪ್ಪನೋ ಅಮ್ಮನೋ ಜೊತೆಗೇ ಇರಬೇಕು. ಮಗುವನ್ನು ಬಿಟ್ಟು ಕೆಲಸಕ್ಕೆ ಓಡುವವರಿಗೆ ಇದು ಆಗುವುದಿಲ್ಲ. ವಾರಕ್ಕೆರಡು ದಿನ ಬಾಡಿಗೆ ಹಾಲ್‌ನಲ್ಲಿ ಕಥೆ, ಹಾಡು, ಆಟಕ್ಕೆ ಧಾರಾಳವಾಗಿ ಸಾಕು.