ಡಬ್ಬ ತುಂಬುವ ಹೊತ್ತಿನಲ್ಲಿ ಕೈ ಯಾಕೆ ಚುರುಕಾಗುತ್ತದೆ?

ಮಲೆನಾಡಿನ ಅಡಿಕೆ ಸುಗ್ಗಿಯಲ್ಲಿ ಸುಲಿಯುವವರಿಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಅಂಗಳದಲ್ಲಿ ಬಿದ್ದಿರುವ ರಾಶಿ ಕಂಡರೆ ಯಾರಿಗೂ ಕೈ ಸೋಲಬೇಕು. ಮೆಟ್ಟುಗತ್ತಿಯ ಮುಂದೆ ಕೂತವರು ಮಾತ್ರ ರಾಶಿಯ ಕಡೆ ತಿರುಗದೆ ಡಬ್ಬ ನೋಡುತ್ತಾರೆ. ಅದು ಕಂಠಮಟ್ಟ ಬಂದಾಗ ಕೈ ಇನ್ನಷ್ಟು ಓಡುತ್ತದೆ. ಕೂಲಿ ಲೆಕ್ಕಕ್ಕೆ ಬಂದ ಅಳತೆ ಮನಸ್ಸಿನ ಲೆಕ್ಕಕ್ಕೂ ಒಪ್ಪಿದೆ.

ಗುರಿ ಸಮೀಪಿಸಿದಂತೆ ವೇಗ ಏರುವುದನ್ನು ಅಮೆರಿಕದ ಮನೋವಿಜ್ಞಾನಿ ಕ್ಲಾರ್ಕ್ ಹಲ್ 1930ರ ದಶಕದಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಉದ್ದನೆಯ ಓಣಿಯ ಕೊನೆಗೆ ತಿನಿಸಿಟ್ಟರೆ, ತುದಿ ಹತ್ತಿರವಾದಷ್ಟೂ ಇಲಿಯ ಓಟ ಜೋರಾಗುತ್ತಿತ್ತು. ಒಂದೇ ದೊಡ್ಡ ಗುರಿ ಇಟ್ಟುಕೊಂಡವರಿಗೆ ಈ ಹುರುಪು ಬರುವುದು ಒಮ್ಮೆ, ಅದೂ ಕೊನೆಯಲ್ಲಿ. ಅದನ್ನೇ ಹತ್ತು ಪಾಲು ಮಾಡಿದರೆ ಹತ್ತು ಸಲ.

ಇದರ ಹಿಂದೆ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ ಇದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ‘ಖುಷಿಯ ರಾಸಾಯನಿಕ’ ಎಂದು ಕರೆದು ಸುಮ್ಮನಾಗುತ್ತಾರೆ. ನರವಿಜ್ಞಾನಿ ವೋಲ್‌ಫ್ರಾಮ್ ಶುಲ್ಟ್ಸ್ ಮಂಗಗಳ ನಡುಮಿದುಳಿನಲ್ಲಿ ಕಂಡದ್ದು ಇದಕ್ಕಿಂತ ಸೂಕ್ಷ್ಮ. ಮೊದಮೊದಲು ಹಣ್ಣಿನ ರಸ ನಾಲಿಗೆಗೆ ಬಿದ್ದಾಗ ಡೋಪಮಿನ್ ಕೋಶಗಳು ಮಿಡಿದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಎಂದು ಮಂಗ ಕಲಿತ ನಂತರ ಮಿಡಿತ ದೀಪಕ್ಕೆ ಜಾರಿತು, ರಸಕ್ಕೆ ಪ್ರತಿಕ್ರಿಯೆಯೇ ಇಲ್ಲ. ದೀಪ ಹತ್ತಿಯೂ ರಸ ಬಾರದಿದ್ದರೆ ಮಿಡಿತ ಎಂದಿನ ಮಟ್ಟಕ್ಕಿಂತ ಕೆಳಗಿಳಿಯಿತು. ಪೀಟರ್ ಡಯಾನ್, ರೀಡ್ ಮಾಂಟೆಗ್ ಅವರೊಡನೆ 1997ರಲ್ಲಿ ಶುಲ್ಟ್ಸ್ ಇದಕ್ಕೆ ಕೊಟ್ಟ ವಿವರಣೆ ಹೀಗಿತ್ತು: ಈ ಕೋಶಗಳು ಅಳೆಯುವುದು ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರ.

ಮಂಗದ ನರಕೋಶದಿಂದ ನಮ್ಮ ದಿನಚರಿಗೆ ನೇರ ಗೆರೆ ಎಳೆಯುವುದು ಅವಸರವೇ ಸರಿ. ಆದರೂ ಒಂದು ಮಾತು ಅನುಭವಕ್ಕೆ ಹೊಂದುತ್ತದೆ. ನಾಲ್ಕು ಗಂಟೆ ಓದುತ್ತೇನೆಂದು ಬರೆದು ಮೂರು ಓದಿದ ಹುಡುಗಿಗೆ ರಾತ್ರಿ ಕಾಣುವುದು ಕೊರತೆ. ಎರಡು ಎಂದು ಬರೆದು ಮೂರು ಓದಿದವಳಿಗೆ ಲಾಭ. ಇಬ್ಬರೂ ಓದಿದ್ದು ಮೂರೇ ಗಂಟೆ.

ಪಾಲು ಮಾಡುವುದರ ಫಲವನ್ನು ಮನೋವಿಜ್ಞಾನಿಗಳಾದ ಆಲ್ಬರ್ಟ್ ಬಂಡೂರ, ಡೇಲ್ ಶಂಕ್ 1981ರಲ್ಲಿ ಪರೀಕ್ಷಿಸಿದರು. ಕಳೆಯುವ ಲೆಕ್ಕದಲ್ಲಿ ಹಿಂದಿದ್ದ ಮಕ್ಕಳಿಗೆ 42 ಪುಟ, 7 ಅವಧಿ. ಕೆಲವರಿಗೆ ಪ್ರತಿ ಅವಧಿಗೆ 6 ಪುಟ ಮುಗಿಸುವ ಗುರಿ, ಕೆಲವರಿಗೆ ಕೊನೆಯೊಳಗೆ 42 ಪುಟ ಮುಗಿಸುವ ಗುರಿ. ಆರಾರು ಪುಟದ ಮಕ್ಕಳು ಹೆಚ್ಚು ಕಲಿತರು, ತಮ್ಮಿಂದಾಗುತ್ತದೆಂಬ ನಂಬಿಕೆಯೂ ಲೆಕ್ಕದ ಮೇಲಿನ ಆಸಕ್ತಿಯೂ ಅವರಲ್ಲೇ ಹೆಚ್ಚಿತು.

ಹಾಗಾದರೆ ಪಾಲು ಎಷ್ಟಿರಬೇಕು? ಒಂದು ಕೂರಿಕೆಯಲ್ಲಿ, ಅರ್ಧ ಗಂಟೆ ಆಸುಪಾಸಿನಲ್ಲಿ ಮುಗಿಯುವಷ್ಟು. ಮುಗಿದದ್ದು ಬೇರೆಯವರಿಗೂ ಕಾಣಬೇಕು. ‘ಫಿಸಿಕ್ಸ್ ಓದುವುದು’ ಅಳತೆಗೆ ಸಿಗದು; ‘ಈ ಅಧ್ಯಾಯದ ಐದು ಲೆಕ್ಕ, ಉತ್ತರ ನೋಡದೆ’ ಸಿಗುತ್ತದೆ. ಫಲವನ್ನು ಅಳೆಯುವ ಬದಲು ಕೆಲಸವನ್ನು ಅಳೆಯಬೇಕು. ಹೊಸ ಅಡಿಕೆ ತೋಟ ಐದಾರು ವರ್ಷ ಏನೂ ಕೊಡುವುದಿಲ್ಲ. ಈ ವಾರ ಎಷ್ಟು ಸಾಲಿಗೆ ಸೊಪ್ಪು ಬಿತ್ತು, ಎಷ್ಟು ಮಾರು ಬಸಿಗಾಲುವೆ ಸ್ವಚ್ಛವಾಯಿತು ಎಂಬುದು ಮಾತ್ರ ಕೈಯಲ್ಲಿರುವ ಲೆಕ್ಕ. ತೂಕ ಇಳಿಸುವವರಿಗೂ ಕಿಲೋಗಿಂತ ಶಿವಮೊಗ್ಗದ ಗೋಪಿ ಸರ್ಕಲ್‌ವರೆಗಿನ ನಡಿಗೆ ಒಳ್ಳೆಯ ಅಳತೆ. ಆಷಾಢದಲ್ಲಿ ಅದು ಕೊಚ್ಚಿಹೋಗುತ್ತದೆ ಅನ್ನಿ. ಮಳೆಗಾಲಕ್ಕೆ ಮೊದಲೇ ಬೇರೆ ಅಳತೆ ಗೊತ್ತು ಮಾಡಿಕೊಳ್ಳಿ, ಜಗಲಿಯಲ್ಲಿ ಇಪ್ಪತ್ತು ಸುತ್ತೋ ಮತ್ತೊಂದೋ.

ಸಂಭ್ರಮ ಚಿಕ್ಕದಿರಲಿ, ತಕ್ಷಣ ಇರಲಿ: ಕ್ಯಾಲೆಂಡರ್‌ನಲ್ಲಿ ಒಂದು ಗುರುತು, ಮನೆಯವರಿಗೆ ಒಂದು ಮಾತು, ಒಂದು ಲೋಟ ಕಷಾಯ. ಇಲ್ಲಿ ಎರಡು ಕಡೆ ಎಡವುತ್ತಾರೆ. ಆಯೆಲೆಟ್ ಫಿಶ್‌ಬಾಕ್ ಮತ್ತು ರವಿ ಧರ್ 2005ರಲ್ಲಿ ತೋರಿಸಿದಂತೆ, ಪಥ್ಯದಲ್ಲಿ ಚೆನ್ನಾಗಿ ಮುಂದುವರಿದಿದ್ದೇವೆ ಅನ್ನಿಸಿದವರು ಸೇಬು ಬಿಟ್ಟು ಚಾಕೊಲೆಟ್ ಎತ್ತಿಕೊಳ್ಳುವುದು ಹೆಚ್ಚು. ನಡೆದದ್ದಕ್ಕೆ ಬಹುಮಾನ ಎಂದು ಬಜ್ಜಿ ತಿಂದರೆ ಆಗುವುದೂ ಅದೇ. ಇನ್ನೊಂದು ಹೆತ್ತವರ ತಪ್ಪು. 1973ರಲ್ಲಿ ಮಾರ್ಕ್ ಲೆಪ್ಪರ್ ತಂಡ ಚಿತ್ರ ಬರೆಯುವುದು ಇಷ್ಟವಿದ್ದ ಮಕ್ಕಳಿಗೆ ಮೊದಲೇ ಪ್ರಶಸ್ತಿಯ ಆಸೆ ತೋರಿಸಿತು. ನಂತರ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಈ ತೊಂದರೆ ಆಗಲಿಲ್ಲ. ಪುಟಕ್ಕೆ ಹತ್ತು ರೂಪಾಯಿ ಎಂದು ದರ ಕಟ್ಟುವ ಮುನ್ನ ಇದು ನೆನಪಿರಲಿ.

ದಿನ ತಪ್ಪಿದರೆ? ಫಿಲಿಪ್ಪ ಲಾಲಿ ತಂಡ ಲಂಡನ್ನಿನಲ್ಲಿ 96 ಮಂದಿಯ ಹೊಸ ಅಭ್ಯಾಸಗಳನ್ನು ಗಮನಿಸಿದಾಗ, ಅಭ್ಯಾಸ ಕೂರಲು 18ರಿಂದ 254 ದಿನಗಳವರೆಗೆ ಬೇಕು ಎಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ನಷ್ಟವಾಗಲಿಲ್ಲ. ನಷ್ಟ ತರುವುದು ಮರುದಿನದ ದಂಡ. ಬಾಕಿ ಸೇರಿಸಿ ಎರಡು ದಿನದ್ದನ್ನು ಹೊರಿಸಿದರೆ ನಿರೀಕ್ಷೆ ಮೇಲೇರಿ ಮತ್ತೆ ಕೊರತೆಯೇ ಕಾಣುತ್ತದೆ. ಮರುದಿನಕ್ಕೆ ಅರ್ಧ ಅಳತೆ ಸಾಕು. ಮೂರು ದಿನ ಸತತ ತಪ್ಪಿದರೆ ಅಳತೆಯೇ ದೊಡ್ಡದಾಗಿದೆ, ಅದನ್ನು ಕಿರಿದು ಮಾಡಿ.