ತಣ್ಣನೆಯ ಹೊಳೆ ದಾಟುವ ಮುನ್ನ: ದಡದಲ್ಲೇ ಮುಗಿಸಬೇಕಾದ ಕೆಲಸಗಳು

ಬೇಸಿಗೆಯಲ್ಲಿ ಹಿಮಾಲಯದ ಚಾರಣಕ್ಕೆ ಸಿದ್ಧರಾಗುತ್ತಿರುವ ಬೆಳಗಾವಿಯ ಗೆಳೆಯರಿಗೆ ಈ ಟಿಪ್ಪಣಿ. ಜನವರಿಯ ಒಂದು ನಸುಕಿನಲ್ಲಿ ಖಾನಾಪುರದ ಬಳಿ ಮಲಪ್ರಭೆಗೆ ಇಳಿದು ಅಭ್ಯಾಸ ಮಾಡಿದೆವು. ನೀರು ಮೊಣಕಾಲುದ್ದ. ಅಷ್ಟಕ್ಕೇ ಮೈ ನಡುಗಿತು. ಹಿಮ ಕರಗಿ ಬರುವ ನೀರಿನ ಚಳಿಗೆ ಇದು ಬರೀ ಪೀಠಿಕೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆಯಾಗಿ ಆಚೆ ದಡ ಸೇರಿದಾಗ ಬೆರಳುಗಳು ಮರಗಟ್ಟಿರುತ್ತವೆ. ಜಿಪ್ ಎಳೆಯುವುದೂ ಕಷ್ಟ. ಆದ್ದರಿಂದ ಬೆರಳು ಮಾತು ಕೇಳುವಾಗಲೇ ಕೆಲಸ ಮುಗಿಸಬೇಕು. ಕಾಲುಚೀಲ ಕಳಚಿ, ಬೂಟು ಮಾತ್ರ ಹಾಕಿಕೊಳ್ಳಿ. ಬರಿಗಾಲು ಕಲ್ಲಿನ ಮೇಲೆ ಜಾರುತ್ತದೆ. ಒಣ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆನ್ನುಚೀಲದ ಮೇಲ್ಭಾಗದಲ್ಲೇ ಇಡಿ. ಒದ್ದೆ ಹತ್ತಿ ಬಟ್ಟೆ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ; ಉಣ್ಣೆ ನೆನೆದರೂ ಕೊಂಚ ಬೆಚ್ಚಗಿರುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದ ನಮ್ಮ ಕುರಿಗಾಹಿಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಬೆನ್ನುಚೀಲದ ಸೊಂಟಪಟ್ಟಿ, ಎದೆಪಟ್ಟಿ ಎರಡನ್ನೂ ಬಿಚ್ಚಿಯೇ ನೀರಿಗಿಳಿಯಿರಿ. ಬಿದ್ದರೆ ಚೀಲವನ್ನು ಕಳಚಿಕೊಳ್ಳಲು ಆಗಬೇಕು. ಹೊಳೆ ಅಗಲವಾಗಿ ಹರಡಿರುವಲ್ಲಿ ಸಾಮಾನ್ಯವಾಗಿ ಆಳ ಕಡಿಮೆ; ತಿರುವಿನ ಹೊರಬದಿಯಲ್ಲಿ ಸೆಳವೂ ಆಳವೂ ಹೆಚ್ಚು. ಹರಿವಿಗೆ ಮುಖಮಾಡಿ, ಕೋಲೂರಿ ಅಡ್ಡಡ್ಡ ಹೆಜ್ಜೆ ಇಡಿ. ವೇಗ ಇಮ್ಮಡಿಯಾದರೆ ನೀರಿನ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸೆಳವಿರುವ ನೀರು ತೊಡೆಗೆ ಬಂದರೆ ನಾನಂತೂ ಹಿಂತಿರುಗುತ್ತೇನೆ. ಹಿಮದ ಹೊಳೆಗಳು ಬಿಸಿಲೇರಿದಂತೆ ಉಬ್ಬುತ್ತವೆ, ಬೆಳಗಿನ ಜಾವ ಇಳಿದಿರುತ್ತವೆ. ಚಳಿಯೆಂದು ಮಧ್ಯಾಹ್ನದವರೆಗೆ ಕಾಯುವುದು ತಪ್ಪು.

ಇನ್ನು ಬೂಟು. ಅಟ್ಟದ ಮೇಲೆ ಐದು ವರ್ಷ ಇಟ್ಟಿದ್ದ ನನ್ನ ಬೂಟಿನ ಅಟ್ಟೆ ಮಲಪ್ರಭೆಯ ನಡುವೆಯೇ ಬಾಯ್ತೆರೆಯಿತು. ಇಂಥ ಹಲವು ಬೂಟುಗಳ ಅಟ್ಟೆಯಲ್ಲಿರುವ ಪಾಲಿಯುರೆಥೇನ್ ಎಂಬ ವಸ್ತು ಗಾಳಿಯ ತೇವ ಹೀರಿ, ಬಳಸದೆ ಇಟ್ಟರೂ ಒಳಗೊಳಗೇ ಪುಡಿಯಾಗುತ್ತದೆ. ಹೊರಗಿನಿಂದ ಬೂಟು ಹೊಸದರಂತೆಯೇ ಕಾಣುತ್ತದೆ. ದಡದಲ್ಲಿ ಅಂಟುಪಟ್ಟಿ ಸುತ್ತಿದೆ, ಒದ್ದೆ ಬೂಟಿಗೆ ಅದು ಹಿಡಿಯಲಿಲ್ಲ. ಕೊನೆಗೆ ಕೈಹಿಡಿದದ್ದು ನೈಲಾನ್ ಹುರಿ. ಮೊದಲು ಅದನ್ನು ಬೂಟಿನ ಮುಂಭಾಗಕ್ಕೆ ಬಿಗಿದೆ, ಕಲ್ಲಿಗೆ ಉಜ್ಜಿ ಹರಿಯಿತು. ಮತ್ತೆ ಅಂಗಾಲಿನ ಕುಳಿಯಲ್ಲಿ, ಹಿಮ್ಮಡಿಗೆ ತುಸು ಮುಂದೆ ಹಾಯಿಸಿ ಕಟ್ಟಿದೆ. ಅಲ್ಲಿ ನೆಲ ತಾಗುವುದಿಲ್ಲ, ಊರು ಸೇರುವವರೆಗೂ ನಿಂತಿತು.

ಎರಡು ಮೀಟರ್ ಹುರಿ, ದಬ್ಬಣ, ಗಟ್ಟಿ ದಾರ ಕಿಸೆಯಲ್ಲಿರಲಿ. ಹೊರಡುವ ತಿಂಗಳ ಮೊದಲೇ ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಬೂಟನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಆ ಜೋಡಿ ಮನೆಯಲ್ಲೇ ಇರಲಿ.