ಕ್ರಿಸ್‌ಮಸ್‌ಗೆ ಮಕ್ಕಳು ಬರಲೋ ಬೇಡವೋ? ಹದಿಮೂರು ದಿನ ಮೊದಲೇ ಹಾಕುವ ಲೆಕ್ಕ

ಬೀದರ್, ಡಿಸೆಂಬರ್ 12, 2020

ಈ ವಾರ ನನ್ನ ಕ್ಲಿನಿಕ್‌ಗೆ ಶುಗರ್, ಬಿಪಿ ತೋರಿಸಲು ಬಂದವರಲ್ಲಿ ಏಳೆಂಟು ಜನ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಒಂದೇ ಮಾತು ಕೇಳಿದರು. "ಡಾಕ್ಟರ್ ಸಾಹೇಬ್ರ, ಪೋರಗೊಳು ಹಬ್ಬಕ್ಕ ಬರ್ತೀವಿ ಅನ್ಲಿಕತ್ತಾರ. ಬರ್ರಿ ಅನ್ಲೋ, ಬ್ಯಾಡ ಅನ್ಲೋ?" ಕೊರೊನಾ ಇರುವ ವರ್ಷ, ಅದಕ್ಕೇ ಈ ಪ್ರಶ್ನೆ.

ನಮ್ಮ ಕಡೆ ಡಿಸೆಂಬರ್ ಎಂದರೆ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರು ಊರಿಗೆ ಬರುವ ತಿಂಗಳು. ಬೀದರ್ ಸೀಮೆಯ ಮೆಥಡಿಸ್ಟ್ ಸಭೆಗಳಿಗೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. ನಗರದ ಮಂಗಲಪೇಟೆಯಲ್ಲಾಗಲಿ, ಹತ್ತು ಮನೆ ಕ್ರೈಸ್ತರಿರುವ ಹಳ್ಳಿಯಲ್ಲಾಗಲಿ, ಮನೆ ಮುಂದೆ ನಕ್ಷತ್ರ ಕಟ್ಟಿದರೆ ಮಕ್ಕಳು ದಾರಿಯಲ್ಲಿದ್ದಾರೆ ಎಂದೇ ಅರ್ಥ. ಈ ವರ್ಷ ಇನ್ನೊಂದು ಕಾರಣ ಕೂಡಿಕೊಂಡಿದೆ. ಗ್ರಾಮ ಪಂಚಾಯಿತಿ ಚುನಾವಣೆಯ ಮತದಾನ 22ಕ್ಕೆ ಒಮ್ಮೆ, 27ಕ್ಕೆ ಇನ್ನೊಮ್ಮೆ. ನಡುವೆ ಹಬ್ಬ. ಓಟು ಹಾಕಲು ಬಂದವರು ಹಬ್ಬ ಮುಗಿಸಿಯೇ ಹೋಗುತ್ತಾರೆ, ಹಬ್ಬಕ್ಕೆ ಬಂದವರು ಓಟು ಹಾಕಿ ಹೋಗುತ್ತಾರೆ. ಗಾಡಿ ಖರ್ಚು ಕೊಡುವವರೂ ಸಿಗುತ್ತಾರೆ, ಆ ಮಾತು ಬಿಡಿ.

"ಕರೋನಾ ಹೋಯ್ತಲ್ರಿ" ಎನ್ನುವವರೂ ಇದ್ದಾರೆ. ಕಡಿಮೆಯಾಗಿರುವುದು ನಿಜ. ಸೆಪ್ಟೆಂಬರ್ ನಡುವಿನಲ್ಲಿ ದೇಶದಲ್ಲಿ ದಿನಕ್ಕೆ 97 ಸಾವಿರ ಹೊಸ ಸೋಂಕು ಬರುತ್ತಿತ್ತು, ಈಗ 30 ಸಾವಿರದ ಆಸುಪಾಸು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆಗಸ್ಟ್-ಸೆಪ್ಟೆಂಬರ್‌ನಲ್ಲಿ ದೇಶದ ಉದ್ದಗಲಕ್ಕೂ ರಕ್ತ ಪರೀಕ್ಷೆ ಮಾಡಿದಾಗ, ಹತ್ತು ವರ್ಷ ದಾಟಿದವರಲ್ಲಿ ಹದಿನೈದು ಜನಕ್ಕೆ ಒಬ್ಬರಿಗೆ ಮಾತ್ರ ಸೋಂಕು ತಗುಲಿ ಹೋಗಿತ್ತು. ಉಳಿದ ಹದಿನಾಲ್ಕು ಜನರಲ್ಲಿ ನಿಮ್ಮ ಅವ್ವ ಇರಬಹುದು.

ಕೇರಳದವರನ್ನು ನೋಡಿ. ಆಗಸ್ಟ್ 31ಕ್ಕೆ ತಿರುವೋಣಂ, ಅಂದರೆ ಓಣಂ ಹಬ್ಬದ ಮುಖ್ಯ ದಿನ. ಆ ದಿನಗಳಲ್ಲಿ ಅಲ್ಲಿ ದಿನಕ್ಕೆ ಎರಡು ಸಾವಿರದ ಆಚೀಚೆ ಸೋಂಕು. ಅಕ್ಟೋಬರ್ 7ಕ್ಕೆ ಹತ್ತು ಸಾವಿರ ದಾಟಿತು. ಎಲ್ಲವೂ ಓಣಂನಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ, ಲಾಕ್‌ಡೌನ್ ಸಡಿಲವಾದದ್ದೂ ಆಗಲೇ. ಆದರೂ ಐದು ವಾರದಲ್ಲಿ ಐದು ಪಟ್ಟು ಅಂದರೆ ಸಣ್ಣ ಮಾತಲ್ಲ.

ದೂರ ಯಾಕೆ, ದೇಶದ ಮೊದಲ ಕೊರೊನಾ ಸಾವು ನಮ್ಮ ಪಕ್ಕದ ಕಲಬುರಗಿಯವರದೇ. ಮಾರ್ಚ್ 10ರಂದು ತೀರಿಕೊಂಡ ಅವರಿಗೆ 76 ವರ್ಷ. ಆಮೇಲೆ ಸೋಂಕು ಸಿಕ್ಕಿದ್ದು ಅವರ ಮಗಳಿಗೆ, ಮನೆಗೆ ಬಂದು ನೋಡಿದ್ದ ವೈದ್ಯರಿಗೆ. ಒಂಬತ್ತು ತಿಂಗಳಿಂದ ನಾನು ನೋಡುತ್ತಿರುವುದೂ ಇದನ್ನೇ. ಪೇಟೆಯಲ್ಲಿ ಮಾಸ್ಕ್ ಹಾಕಿಕೊಂಡೇ ಓಡಾಡಿದವರು ಹೊಸ್ತಿಲು ದಾಟಿದ ಕೂಡಲೇ ಅದನ್ನು ಗೂಟಕ್ಕೆ ಸಿಕ್ಕಿಸುತ್ತಾರೆ. ಮಗನ ಎದುರು ಯಾರು ಮಾಸ್ಕ್ ಹಾಕುತ್ತಾರೆ ಹೇಳಿ?

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ದಸರೆಗೆ ಭಾಲ್ಕಿ ಕಡೆಯ ಒಂದು ಕುಟುಂಬ ಇದೇ ಪ್ರಶ್ನೆ ಕೇಳಿತ್ತು. ಮಗ ಪುಣೆಯಿಂದ ಬರುವವನಿದ್ದ. "ಟೆಸ್ಟ್ ಮಾಡಿಸಿಕೊಂಡು ಬರಲಿ" ಎಂದೆ, ಅಷ್ಟೇ. ಅವನು ಹೊರಡುವ ದಿನ ಬೆಳಿಗ್ಗೆ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ಮಾಡಿಸಿದ, ನೆಗೆಟಿವ್ ಬಂತು, ಆ ಧೈರ್ಯದ ಮೇಲೆ ತಂದೆಯ ಪಕ್ಕದಲ್ಲೇ ಮಲಗಿದ. ಮೂರನೇ ದಿನ ಅವನಿಗೆ ಕೆಮ್ಮು. ಮುಂದಿನ ವಾರ ತಂದೆಗೆ ಆಕ್ಸಿಜನ್ ಬೇಕಾಯಿತು. ಹನ್ನೊಂದು ದಿನದ ಮೇಲೆ ಮನೆಗೆ ಬಂದರು, ಪುಣ್ಯ. ಆ ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ನಾನು ಬಿಡಿಸಿ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ವೈರಸ್ ಒಳಗೆ ಹೊಕ್ಕ ದಿನವೇ ಯಾವ ಪರೀಕ್ಷೆ ಮಾಡಿದರೂ ಸಿಗುವುದಿಲ್ಲ. ತೊಗರಿ ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಮೊಳಕೆ ಹುಡುಕಿದ ಹಾಗೆ. ಜ್ವರ, ಕೆಮ್ಮು ಕಾಣಿಸುವುದು ಸುಮಾರಾಗಿ ಐದನೇ ದಿನ. ಕೆಲವರಿಗೆ ಎರಡೇ ದಿನ, ಕೆಲವರಿಗೆ ಹದಿನಾಲ್ಕು. ಲಕ್ಷಣ ಶುರುವಾದ ದಿನ ಲ್ಯಾಬಿನಲ್ಲಿ ಆರ್‌ಟಿ-ಪಿಸಿಆರ್ ಮಾಡಿದರೂ ನೂರರಲ್ಲಿ 38 ಜನರ ಸೋಂಕು ಕಣ್ಣು ತಪ್ಪಿಸುತ್ತದೆ. ಅದು ಚೆನ್ನಾಗಿ ಹಿಡಿಯುವುದು ಸೋಂಕು ತಗುಲಿದ ಎಂಟನೇ ದಿನದ ಹೊತ್ತಿಗೆ, ಆಗಲೂ 20 ಜನರದ್ದು ತಪ್ಪುತ್ತದೆ. ಅರ್ಧ ಗಂಟೆಯಲ್ಲಿ ಫಲಿತಾಂಶ ಕೊಡುವ ಆಂಟಿಜೆನ್ ಪರೀಕ್ಷೆ ಇದಕ್ಕಿಂತ ಮಂದ. ಜೂನ್‌ನಲ್ಲಿ ಎರಡು ಕಡೆ ಪರಿಶೀಲಿಸಿದಾಗ ಒಂದು ಕಡೆ ಶೇ 50.6, ಇನ್ನೊಂದು ಕಡೆ ಶೇ 84ರಷ್ಟು ಸೋಂಕನ್ನು ಮಾತ್ರ ಅದು ಹಿಡಿದಿತ್ತು. ಪಾಸಿಟಿವ್ ಅಂದರೆ ನಂಬಿ. ನೆಗೆಟಿವ್ ಅಂದರೆ ಸುಮ್ನೆ ಅರ್ಧ ನಂಬಿ.

ಇದರ ಮೇಲೆ ಇನ್ನೊಂದು ತೊಂದರೆ. ಲಕ್ಷಣ ಕಾಣುವ ಎರಡು ದಿನ ಮೊದಲೇ ಮನುಷ್ಯ ಸೋಂಕು ಹಂಚಲು ಶುರು ಮಾಡಿರುತ್ತಾನೆ. "ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ" ಎನ್ನುವುದು ಆ ಎರಡು ದಿನಗಳಲ್ಲಿ ಎಲ್ಲರೂ ಹೇಳುವ ಮಾತೇ.

ಹಾಗಾಗಿ ನಾನು ಈಗ ಬರುವವರ ರಿಪೋರ್ಟ್ ಕೇಳುವುದಕ್ಕಿಂತ ದಿನ ಎಣಿಸುತ್ತೇನೆ. ಹಬ್ಬ 25ಕ್ಕೆ. ಅಂದು ಅವ್ವನ ಪಕ್ಕ ಕೂತು ಉಣ್ಣಬೇಕೆಂದರೆ 15ರಿಂದಲೇ ಸಂತೆ, ಲಗ್ನ, ಪ್ರಚಾರ, ತುಂಬಿದ ಗಾಡಿ ಎಲ್ಲ ಬಿಡಬೇಕು. ಹದಿನಾಲ್ಕು ದಿನವೇ ಒಳ್ಳೆಯದು, ಆದರೆ ಆ ಲೆಕ್ಕದ ಮೊದಲ ದಿನ ನಿನ್ನೆಗೇ ಮುಗಿಯಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದೇ ತಿಂಗಳ 2ರಂದು ಎರಡು ಕಿರುದಾರಿ ಕೊಟ್ಟಿದೆ. ಹತ್ತು ದಿನ ಬೇರೆಯಾಗಿದ್ದು ಲಕ್ಷಣ ಬರದಿದ್ದರೆ ಆಮೇಲೆ ಸೋಂಕು ಹಂಚುವ ಸಾಧ್ಯತೆ ಅವರ ಅಂದಾಜಿನಲ್ಲಿ ಸುಮಾರು ಶೇ 1. ಏಳು ದಿನ ಇದ್ದು, ಕೊನೆಗೆ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದರೆ ಸುಮಾರು ಶೇ 5. ಈ ಲೆಕ್ಕ ಕೆಲವರಿಗೆ ಹೊಂದುವುದೇ ಇಲ್ಲ, ನನಗೆ ಗೊತ್ತು. ಹೈದರಾಬಾದ್‌ನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಹುಡುಗ ಹತ್ತು ದಿನ ಕೂಲಿ ಬಿಟ್ಟು ಕೋಣೆಯಲ್ಲಿ ಕೂರಲಾರ. ಅವನ ಕೋಣೆಯಲ್ಲೇ ಆರು ಜನ ಇರುತ್ತಾರೆ. ಅಂಥವನಿಗೆ "ಬರಬೇಡ" ಎನ್ನುವುದು ಸುಲಭ. ನಾನು ಹೇಳುವುದು, ಬಾ, ಆದರೆ ಬರುವ ರೀತಿ ಬೇರೆ ಇರಲಿ.

ಮೊದಲನೆಯದು ಗಾಡಿ. ಮುಷ್ಕರದಿಂದ ನಿನ್ನೆಯಿಂದ ಸರ್ಕಾರಿ ಬಸ್ಸು ಸರಿಯಾಗಿ ಓಡುತ್ತಿಲ್ಲ. ಬಸ್ಸು ಇಲ್ಲದಾಗ ನಮಗೆ ಗತಿ ಕ್ರೂಸರ್ ಜೀಪು. ಒಂದು ಕ್ರೂಸರ್‌ನಲ್ಲಿ ಹದಿನಾಲ್ಕು ಜನ, ಚಳಿಗೆ ಗಾಜು ಮೇಲೆ. ಹೈದರಾಬಾದ್‌ನಿಂದ ಜಹೀರಾಬಾದ್ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಮೂರು ತಾಸು. ಹತ್ತು ದಿನ ಕಾದದ್ದೆಲ್ಲ ಆ ಮೂರು ತಾಸಿನಲ್ಲಿ ನೀರುಪಾಲು. ಬೈಕಿದ್ದರೆ ಬೈಕಿನಲ್ಲೇ ಬನ್ನಿ. ಇಲ್ಲದಿದ್ದರೆ ಕಿಟಕಿ ಪಕ್ಕದ ಸೀಟು, ಗಾಜು ಕೆಳಗೆ, ಮಾಸ್ಕ್ ಮೂಗಿನ ಮೇಲೆ.

ಎರಡನೆಯದು ಕೋಣೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಸಾಬೂನು, ಸ್ಯಾನಿಟೈಸರ್ ಕಡೆಗೇ ಜಾಸ್ತಿ ನೋಡುತ್ತಾರೆ. ಕೈ ತೊಳೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಈ ರೋಗ ಹೆಚ್ಚಾಗಿ ಹರಡುವುದು ಬಾಯಿ, ಮೂಗಿನಿಂದ ಹೊರಬಿದ್ದ ಹನಿಗಳಿಂದ. ದೊಡ್ಡ ಹನಿ ಮೂರರಿಂದ ಆರು ಅಡಿಯೊಳಗೆ ಬೀಳುತ್ತದೆ. ಸಣ್ಣದು ಮುಚ್ಚಿದ ಕೋಣೆಯಲ್ಲಿ ಅಗರಬತ್ತಿ ಹೊಗೆಯ ಹಾಗೆ ನಿಂತೇ ಇರುತ್ತದೆ. ಜನವರಿ 24ರಂದು, ಚೀನೀ ಹೊಸ ವರ್ಷದ ಹಿಂದಿನ ದಿನ, ಗ್ವಾಂಗ್‌ಝೌ ನಗರದ ಒಂದು ಹೋಟೆಲಿನಲ್ಲಿ ಮೂರು ಕುಟುಂಬಗಳು ಅಕ್ಕಪಕ್ಕದ ಮೇಜುಗಳಲ್ಲಿ ಊಟಕ್ಕೆ ಕೂತಿದ್ದವು. ಒಂದು ಕುಟುಂಬ ಹಿಂದಿನ ದಿನವಷ್ಟೇ ವುಹಾನ್‌ನಿಂದ ಬಂದಿತ್ತು. ಆ ಅಂತಸ್ತಿಗೆ ಕಿಟಕಿಯೇ ಇಲ್ಲ, ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿತ್ತು. ಕೊನೆಗೆ ಮೂರೂ ಕುಟುಂಬ ಸೇರಿ ಹತ್ತು ಜನರಿಗೆ ಸೋಂಕು.

ನಮ್ಮಲ್ಲಿ ಎಸಿ ಎಲ್ಲಿಂದ ಬರಬೇಕು. ಆದರೆ ಬೀದರ್ ಚಳಿ ಇದೆಯಲ್ಲ! ಡಿಸೆಂಬರ್‌ನಲ್ಲಿ ರಾಜ್ಯದಲ್ಲೇ ಜಾಸ್ತಿ ಚಳಿ ಬೀಳುವ ಊರುಗಳಲ್ಲಿ ನಮ್ಮದೂ ಒಂದು. ಸಂಜೆ ಆರಕ್ಕೆಲ್ಲ ಬಾಗಿಲು ಹಾಕಿಕೊಳ್ಳುತ್ತೇವೆ. ಹಳೆಯ ಕಲ್ಲು ಮನೆಗಳಿಗೆ ದಪ್ಪ ಗೋಡೆ, ಒಂದೇ ಬಾಗಿಲು, ಮೇಲೊಂದು ಬೆಳಕಿಂಡಿ. ಅದಕ್ಕೂ ಚೀಲ ತುರುಕಿರುತ್ತಾರೆ. ಹಬ್ಬದ ರಾತ್ರಿ ಅದೇ ಒಂದು ಕೋಣೆಯಲ್ಲಿ ಏಳೆಂಟು ಜನರ ಹಾಸಿಗೆ. ಮಧ್ಯಾಹ್ನದ ಬಿರಿಯಾನಿಗಿಂತ ನನಗೆ ಭಯ ಆ ರಾತ್ರಿಯದು. ಊಟ ಅರ್ಧ ತಾಸು, ನಿದ್ದೆ ಎಂಟು ತಾಸು.

ಅದಕ್ಕೇ ಹೇಳುವುದು: ಹಗಲು ಬನ್ನಿ, ಬಿಸಿಲಿದ್ದಾಗ ಅಂಗಳದಲ್ಲೋ ಬೇವಿನ ಮರದ ಕೆಳಗೋ ಊಟ ಮಾಡಿ, ಸಾಧ್ಯವಾದರೆ ಸಂಜೆಗೆ ಹಿಂದೆ ಹೋಗಿ. ಇಲ್ಲವೇ ಹಿರಿಯರ ಹಾಸಿಗೆ ಬೇರೆ ಕೋಣೆಯಲ್ಲಿರಲಿ. ಶಾಮಿಯಾನ ಹಾಕಿಸಿದರೆ ಮೇಲೆ ಮಾತ್ರ ಬಟ್ಟೆ ಇರಲಿ, ಸುತ್ತ ಪರದೆ ಬೇಡ. ಎದುರು ಬದುರು ಪಂಕ್ತಿ ಹಾಕಬೇಡಿ. ಮನೆಯ ಜನ ಒಂದು ಸಾಲು, ಹೊರಗಿನಿಂದ ಬಂದವರು ದೂರದಲ್ಲಿ ಇನ್ನೊಂದು ಸಾಲು. ಉಣ್ಣುವಾಗ ಮಾಸ್ಕ್ ಇರುವುದಿಲ್ಲ, ಅಲ್ವಾ? ಹಾಗಾಗಿ ಆ ಹೊತ್ತಿನಲ್ಲಿ ಅಂತರವೊಂದೇ ಕೈಯಲ್ಲಿರುವುದು.

ಹಾಡಿನ ಮಾತು ಹೇಳಿದರೆ ನಮ್ಮ ಯುವಕರು ಸಿಟ್ಟಾಗುತ್ತಾರೆ. ಢೋಲಕ್ ಹಿಡಿದು ಮನೆಮನೆಗೆ ಕ್ಯಾರಲ್ಸ್ ಹೋಗದೆ ಹಬ್ಬವೇ? ಮಾರ್ಚ್ 10ರಂದು, ಕಲಬುರಗಿಯ ಆ ಹಿರಿಯರು ತೀರಿಕೊಂಡ ದಿನವೇ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯಕವೃಂದ ಎರಡೂವರೆ ತಾಸು ಅಭ್ಯಾಸ ಮಾಡಿತು. 61 ಜನ ಬಂದಿದ್ದರು, ಒಬ್ಬರಿಗೆ ಮಾತ್ರ ನೆಗಡಿಯಂಥ ಲಕ್ಷಣ ಇತ್ತು. ದೃಢಪಟ್ಟವರು, ಇರಬಹುದಾದವರು ಎಲ್ಲ ಸೇರಿ 53 ಜನ ಕಾಯಿಲೆ ಬಿದ್ದರು. ಇಬ್ಬರು ತೀರಿಕೊಂಡರು. ಗಟ್ಟಿಯಾಗಿ ಹಾಡಿದಷ್ಟೂ ಹನಿ ಜಾಸ್ತಿ ಹೊರಬರುತ್ತದೆ, ಅಷ್ಟೇ ವಿಷಯ. ಹಾಡುವವರು ರಸ್ತೆಯಲ್ಲೇ ನಿಂತು, ಮಾಸ್ಕ್ ಹಾಕಿಕೊಂಡು ಎರಡು ಹಾಡು ಹೇಳಿ ಮುಂದೆ ಹೋಗಲಿ. ಮನೆಯೊಳಗೆ ಕರೆದು ಚಹಾ ಕೊಡುವುದು ಈ ವರ್ಷ ಬೇಡ.

ಇಷ್ಟೆಲ್ಲ ಲೆಕ್ಕ ಹಾಕುವಾಗ ಒಬ್ಬರನ್ನು ಯಾರೂ ಕೇಳುವುದಿಲ್ಲ. ಯಾರ ಜೀವಕ್ಕಾಗಿ ಇದೆಲ್ಲವೋ ಅವರನ್ನು. ಮಕ್ಕಳು ಫೋನಿನಲ್ಲಿ ಮಾತಾಡಿಕೊಂಡು ತೀರ್ಮಾನ ಮಾಡಿಬಿಡುತ್ತಾರೆ. ಮೊನ್ನೆ 68 ವರ್ಷದ ಒಬ್ಬ ಆಯಿಯನ್ನು ಮಗ ಕರೆತಂದಿದ್ದ. ಹನ್ನೆರಡು ವರ್ಷದ ಶುಗರ್. "ತಮ್ಮಂದಿರು ಬರಲಿಲ್ಲ ಅಂದ್ರ ಅವ್ವ ಅಳ್ತಾಳ್ರಿ" ಎಂದು ಅವನೇ ಹೇಳುತ್ತಿದ್ದ. ನಾನು ಆಯಿಯನ್ನೇ ಕೇಳಿದೆ. "ಬ್ಯಾಡ್ರಿ," ಎಂದರು ತಟ್ಟನೆ. "ಎಲ್ಲಾರೂ ಬಂದ್ರ ಮೂರು ದಿನ ಒಲಿ ಮುಂದ ನಾನೇ ಕೂಡಬೇಕ. ಈ ವರ್ಷ ಸುಮ್ಕ ಕೂತು ಪ್ರಾರ್ಥನಿ ಮಾಡ್ತೀನಿ." ಮಗನ ಬಾಯಿ ಕಟ್ಟಿತು.

ಎಲ್ಲರೂ ಹಾಗಿರುವುದಿಲ್ಲ. ಅದೇ ದಿನ ಒಬ್ಬ ಮುತ್ಯಾ ಬಂದಿದ್ದರು. ಹೆಂಡತಿ ಜುಲೈನಲ್ಲಿ ಹೋದರು, ಕೊರೊನಾದಿಂದಲ್ಲ, ಹೃದಯದ ತೊಂದರೆಯಿಂದ. ಲಾಕ್‌ಡೌನ್ ಹೆದರಿಕೆಯಲ್ಲಿ ಮಣ್ಣಿಗೂ ನಾಲ್ಕೇ ಜನ. ಆಮೇಲೆ ಅವರು ಸರಿಯಾಗಿ ಊಟ ಮಾಡಿಲ್ಲ, ಆರು ಕಿಲೋ ಇಳಿದಿದ್ದಾರೆ, ಬಿಪಿ ಗುಳಿಗೆ ಒಮ್ಮೆ ತಗೊಂಡರೆ ಎರಡು ದಿನ ಮರೆಯುತ್ತಾರೆ. ಅವರಿಗೆ ಈ ಹಬ್ಬವನ್ನೂ ಒಬ್ಬರೇ ಕಳೆಯಿರಿ ಎಂದು ಹೇಳುವುದು ವೈದ್ಯನಾಗಿ ನನ್ನಿಂದಾಗಲಿಲ್ಲ. ಒಂಟಿತನವನ್ನೂ ತಕ್ಕಡಿಗೆ ಹಾಕಬೇಕು. ಜಹೀರಾಬಾದ್‌ನಲ್ಲಿರುವ ಮಗಳಿಗೆ ಕ್ಲಿನಿಕ್ಕಿನಿಂದಲೇ ಫೋನ್ ಹಚ್ಚಿದೆ. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು, ಹತ್ತು ದಿನ ಹೊರಗೆ ಹೋಗದೆ ಇರಬಲ್ಲಳು. ಅವಳೊಬ್ಬಳೇ ಬರುತ್ತಾಳೆ, ಒಂದು ವಾರ ಇರುತ್ತಾಳೆ. ಮಕ್ಕಳು, ಅಳಿಯ ಜನವರಿ ಕಳೆದ ಮೇಲೆ.

ಯಾರು ಖಂಡಿತ ಬರಬಾರದು ಎಂಬುದಕ್ಕೆ ಹೆಚ್ಚು ಮಾತು ಬೇಡ. ಜ್ವರ, ಕೆಮ್ಮು, ಗಂಟಲು ನೋವು ಇರುವವರು, ಬಾಯಿರುಚಿ ಅಥವಾ ವಾಸನೆ ಹೋದವರು, ಮನೆಯಲ್ಲಿ ಪಾಸಿಟಿವ್ ಇರುವವರು. ಟಿಕೆಟ್ ತೆಗೆದಾಗಿದೆ ಎನ್ನುವುದು ಕಾರಣವಲ್ಲ.

ಬಂದು ಹೋದ ಮೇಲೂ ಜನವರಿ 8ರವರೆಗೆ ಹಿರಿಯರ ಮೇಲೆ ಕಣ್ಣಿರಲಿ. ವಯಸ್ಸಾದವರಿಗೆ ಜ್ವರವೇ ಬರಬೇಕೆಂದಿಲ್ಲ. ಊಟ ಬೇಡ ಎನ್ನುವುದು, ಹಗಲೆಲ್ಲ ಮಲಗುವುದು, ಏನೇನೋ ಮಾತಾಡುವುದು, ಇವೂ ಲಕ್ಷಣಗಳೇ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈಗ ಎಷ್ಟೋ ಮನೆಗಳಲ್ಲಿದೆ, ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ. 94ಕ್ಕಿಂತ ಕೆಳಗೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಮೊನ್ನೆ 8ಕ್ಕೆ ಇಂಗ್ಲೆಂಡಿನಲ್ಲಿ 90 ವರ್ಷದ ಅಜ್ಜಿಯೊಬ್ಬರಿಗೆ ಲಸಿಕೆ ಕೊಟ್ಟ ಸುದ್ದಿ ಓದಿದಿರಿ. ಇಲ್ಲಿಯೂ ಮೂರು ಕಂಪನಿಗಳು ಅನುಮತಿ ಕೇಳಿವೆ. ನನ್ನ ಪೇಶಂಟ್‌ಗಳಿಗೆ ನಾನು ಹೇಳುತ್ತಿರುವುದು, ಈ ವರ್ಷ ಇನ್ನೊಂದು ಹಬ್ಬ ಬಿಗಿ ಹಿಡಿದರೆ ಸಾಕು ಅಂತ.

ನೀವು ಏನು ಮಾಡುತ್ತೀರಿ ಎಂದು ನನ್ನನ್ನೂ ಕೇಳಿದವರಿದ್ದಾರೆ. ನನ್ನ ಅವ್ವ ಹುಮನಾಬಾದ್ ಹತ್ತಿರದ ಊರಿನಲ್ಲಿದ್ದಾಳೆ, 71 ವರ್ಷ. ನಾನು ದಿನಾ ರೋಗಿಗಳ ನಡುವೆ ಇರುವವನು, ಹಾಗಾಗಿ ಮನೆಯವರಲ್ಲಿ ಎಲ್ಲರಿಗಿಂತ ಅಪಾಯದ ಅತಿಥಿ ನಾನೇ. ಹೈದರಾಬಾದ್‌ನ ನನ್ನ ತಮ್ಮ, ಮನೆಯಿಂದಲೇ ಕೆಲಸ ಮಾಡುತ್ತಾನೆ, ಅವನು ಹತ್ತು ದಿನ ಕಾದು ಸ್ವಂತ ಕಾರಿನಲ್ಲಿ ಬರುತ್ತಾನೆ, ಅವ್ವನ ಜೊತೆ ಇರುತ್ತಾನೆ. ನಾನು 25ಕ್ಕೆ ಮಧ್ಯಾಹ್ನ ಹೋಗಿ, ಅಂಗಳದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಬರುತ್ತೇನೆ. ಫೋನಿನಲ್ಲಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕರ್ಜಿಕಾಯಿ ಡಬ್ಬಿ ಕೈಯಿಂದ ಕೈಗೆ ಕೊಟ್ಟರೆ ನಡೆಯುತ್ತದಾ ಎಂದು ಕೇಳಿದಳು. ಕಟ್ಟೆ ಮೇಲೆ ಇಡು, ನಾನೇ ತಗೋತೀನಿ ಎಂದೆ.